ಮೂಳೆಗೆ ಹಾಕಿದ ಸ್ಕ್ರೂ ಸಡಿಲವಾದರೆ ತಪ್ಪು ರೋಗಿಯದೇ?

ಓದುಗ, ಯಾದಗಿರಿ: ಬಚ್ಚಲಲ್ಲಿ ಜಾರಿ ಬಿದ್ದ ನಮ್ಮ ಅವ್ವನಿಗೆ ಭುಜದ ಕೀಲಿನ ಹತ್ತಿರ ತೋಳಿನ ಮೂಳೆ ಮುರಿದು, ಲಾಕಿಂಗ್ ಪ್ಲೇಟು (ಸ್ಕ್ರೂಗಳು ಪ್ಲೇಟಿಗೇ ಬಿಗಿದುಕೊಳ್ಳುವ ಲೋಹದ ಪಟ್ಟಿ) ಕೂರಿಸಿದ್ದರು. ಎರಡು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಎರಡು ಸ್ಕ್ರೂಗಳ ಸುತ್ತ ಕಪ್ಪು ಗೆರೆ ಕಾಣುತ್ತಿದೆ. ‘ಕೈ ಹೆಚ್ಚು ಆಡಿಸಿದ್ದೀರಿ’ ಎಂದು ಆಕೆಯನ್ನೇ ಗದರಿ ಕಳಿಸಿದರು. ಇದು ನ್ಯಾಯವೇ?

ಮೂಳೆ ಶಸ್ತ್ರವೈದ್ಯ, ಕಲಬುರಗಿ: ಸ್ಕ್ರೂವಿನ ಸುತ್ತಲಿನ ಮೂಳೆ ಕರಗಿದಾಗ ಆ ಗೆರೆ ಮೂಡುತ್ತದೆ. ಮುರಿತ ಕೂಡಿಕೊಳ್ಳದೆ ಒಳಗೇ ಅಲುಗಾಡುತ್ತಿದ್ದರೂ, ಸೋಂಕು ತಗುಲಿದ್ದರೂ ಗೆರೆ ಅದೇ ಆಗಿರುವುದರಿಂದ, ಎಕ್ಸ್‌ರೇ ಒಂದನ್ನೇ ನೋಡಿ ರೋಗಿಯ ಮೇಲೆ ತಪ್ಪು ಹೊರಿಸಲಾಗದು. ಮೊದಲು ಸೋಂಕಿನ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ.

ಆಪರೇಷನ್ ಥಿಯೇಟರ್ ಸಿಬ್ಬಂದಿ, ಬೀದರ್: ಸಾಹೇಬರೇ, ಸ್ಕ್ರೂ ಕೂರಿಸಲು ಕೊರೆಯುವ ರಂಧ್ರದ ಮಾತನ್ನೂ ಆಡಬೇಕು. ಕೊರೆಯುವಾಗ ಮೂಳೆಯ ಬಿಸಿ 47 ಡಿಗ್ರಿ ಸೆಲ್ಸಿಯಸ್ ದಾಟಿ ಒಂದು ನಿಮಿಷ ನಿಂತರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಸತ್ತ ಮೂಳೆ ಕರಗಿದಂತೆ ಸ್ಕ್ರೂ ಹಿಡಿತ ಬಿಡುತ್ತದೆ. ಹರಿತವಾದ ಡ್ರಿಲ್ ಬಿಟ್‌ನ (ಕೊರೆಯುವ ಮೊನೆಯ) ತುದಿಯಲ್ಲಿ ಮೂಳೆ ಬಿಳಿ ಸುರುಳಿಯಾಗಿ ಹೊರಬರುತ್ತದೆ, ಮೊಂಡಾದುದರಿಂದ ಪುಡಿಯೂ ಸುಟ್ಟ ವಾಸನೆಯೂ ಬರುತ್ತವೆ. ಆ ವಾಸನೆ ಬಂದೊಡನೆ ಡ್ರಿಲ್ ಬಿಟ್ ಬದಲಿಸಿ, ತಣಿಸಲು ಸಲೈನ್ ಸುರಿಯಬೇಕು.

ಮೂಳೆ ಶಸ್ತ್ರವೈದ್ಯ, ಕಲಬುರಗಿ: ತೊಡೆ, ಮೊಣಕಾಲ ಕೆಳಗಿನ ಗಟ್ಟಿ ಮೂಳೆಗಳ ಮಟ್ಟಿಗೆ ನಿಮ್ಮ ಮಾತು ಪೂರ್ತಿ ನಿಜ. ಆದರೆ ತೋಳಿನ ಮೂಳೆಯ ತಲೆಭಾಗ ವಯಸ್ಸಾದವರಲ್ಲಿ ಸ್ಪಂಜಿನಂತೆ ಟೊಳ್ಳಾಗಿರುತ್ತದೆ. ಅಲ್ಲಿ ಬಿಸಿಗಿಂತ ಆಸರೆಯ ಕೊರತೆಯೇ ದೊಡ್ಡ ತೊಂದರೆ. ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆ ಪ್ಲೇಟಿನ ಥ್ರೆಡ್ಡಿಗೇ (ತಿರುಪಿನ ಸುತ್ತುಗೆರೆಗೇ) ಸೇರಿಕೊಳ್ಳುತ್ತದೆ, ಆದರೂ ಮೂಳೆಯ ಒಳಬದಿ (ಎದೆಯ ಕಡೆಯ ಬದಿ) ಸರಿಯಾಗಿ ಕೂಡದಿದ್ದರೆ ಮೂಳೆಯ ತಲೆಭಾಗ ಕುಸಿದು ಸ್ಕ್ರೂ ಅದನ್ನು ಕೊರೆದು ಹೊರಬರಬಹುದು. ಪ್ಲೇಟಿಗೆ ಲಾಕ್ ಆಗದ ಸಾಮಾನ್ಯ ಸ್ಕ್ರೂವನ್ನು ‘ಇನ್ನೊಂದು ಸುತ್ತು’ ಎಂದು ಬಿಗಿಯುವ ಆಸೆಯನ್ನೂ ಬಿಡಬೇಕು. ಮೆದು ಮೂಳೆಯಲ್ಲಿ ಕೊರೆದ ಥ್ರೆಡ್ಡು ಆ ಒಂದು ಸುತ್ತಿಗೇ ಕಿತ್ತುಹೋಗುತ್ತದೆ.

ಫಿಜಿಯೋಥೆರಪಿಸ್ಟ್, ಕಲಬುರಗಿ: ಅಣ್ಣನವರೇ, ಅವ್ವನಿಗೆ ಬಿಡುಗಡೆಯ ದಿನ ಏನು ಬರೆದುಕೊಟ್ಟಿದ್ದರು? ‘ಜಾಗ್ರತೆ’ ಎಂದರೆ ಸಾಲದು. ಬಾಗಿ ನಿಂತು ತೋಳನ್ನು ಜೋತುಬಿಟ್ಟು ಮೆಲ್ಲಗೆ ತೂಗಾಡಿಸುವುದು ಯಾವಾಗಿನಿಂದ, ತುಂಬಿದ ಕೊಡ ಎತ್ತುವುದು ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ತೊಗರಿ ರಾಶಿಯ ಹೊತ್ತಿಗೆ ಬರುವ ಹೆಣ್ಣುಮಕ್ಕಳು ಮೊದಲು ಕೇಳುವುದು ಇದನ್ನೇ.

ಓದುಗ, ಯಾದಗಿರಿ: ಚೀಟಿಯಲ್ಲಿ ಮಾತ್ರೆಗಳ ಹೆಸರಷ್ಟೇ ಇವೆ. ಗದರಿಸಿಕೊಂಡ ದಿನದಿಂದ ಅವ್ವ ಕೈಯನ್ನು ಎದೆಗೆ ಒತ್ತಿಕೊಂಡೇ ಮಲಗುತ್ತಾಳೆ. ನಾಳೆ ರಕ್ತಪರೀಕ್ಷೆ ಮಾಡಿಸಿ, ಮೂಳೆಯ ಒಳಬದಿ ಹೇಗೆ ಕೂಡಿದೆ ಎಂದು ಆ ಎಕ್ಸ್‌ರೇ ಮುಂದಿಟ್ಟು ಕೇಳುತ್ತೇನೆ.