ಟೈಮಿಂಗ್ ಚೈನ್ ಸಪ್ಪಳ: ಬರೇ ಟೆನ್ಷನರ್ ಬದಲಿಸಿದ್ರ ಸಾಕೇನ್ರಿ?

ಗದಗ_ಪಿಕಪ್
ನಮಸ್ಕಾರ್ರಿ. ಗಾಡಿ 2.5 ಲೀಟರ್ ಕಾಮನ್ ರೈಲ್ ಡೀಸೆಲ್ ಪಿಕಪ್, 1,68,000 ಕಿ.ಮೀ. ಓಡೈತಿ. ಮುಂಜಾನೆ ಮೊದಲ್ನೇ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ ಮುಂದಿನ ಬಾಜೂಕ 3-4 ಸೆಕೆಂಡ್ ಕರಕರ ಸಪ್ಪಳ ಬರ್ತೈತಿ, ಆಮ್ಯಾಲ ಗಪ್ ಆಕ್ಕೈತಿ. ಈಗ ಚೆಕ್ ಲೈಟ್ ಹತ್ತೈತಿ, ಸ್ಕ್ಯಾನರ್ ಹಚ್ಚಿದ್ರ ಪಿ0016 ಅಂತ ಬಂತು. ಒಂದ್ ಗ್ಯಾರೇಜಿನ್ಯಾಗ ಟೆನ್ಷನರ್ ಅಷ್ಟ ಹಾಕಿದ್ರ ಸಾಕು ಅಂತಾರ, ಇನ್ನೊಂದ್ ಕಡೆ ಪೂರಾ ಕಿಟ್ ಬದಲಿಸ್ರಿ ಅಂತಾರ. ಯಾವ್ದು ಖರೆ? ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಲೋಡ್ ಇನ್ನೂ ಅದಾವ, ಅಲ್ಲೀತನಕ ಓಡಸಬಹುದೇನ್ರಿ?

ಗೋಕುಲರೋಡ್_ಡೀಸೆಲ್
ಮೊದ್ಲ ಡಿಪ್‌ಸ್ಟಿಕ್ ತಗದು ನೋಡ್ರಿ. ಟೈಮಿಂಗ್ ಚೈನ್ ಅಂದ್ರ ಕ್ರ್ಯಾಂಕಿನಿಂದ (ಪಿಸ್ಟನ್ ತಿರುಗಸೋ ಶಾಫ್ಟ್) ಕ್ಯಾಮ್ (ವಾಲ್ವ್ ತಗಿಯೋ ಶಾಫ್ಟ್) ತಿರುಗಸೋ ಚೈನ್. ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಹೈಡ್ರಾಲಿಕ್ ಇರ್ತೈತಿ, ಇಂಜಿನ್ ಆಯಿಲ್ ಪ್ರೆಶರ್ ಬಂದ ಮ್ಯಾಲ ಅದರ ಪ್ಲಂಜರ್ ಮುಂದ ಬಂದು ಗೈಡಿಗೆ (ಚೈನ್ ಜಾರೋ ಪ್ಲಾಸ್ಟಿಕ್ ಪಟ್ಟಿಗೆ) ಒತ್ತತೈತಿ. ರಾತ್ರಿ ಒಳಗಿನ ಆಯಿಲ್ ಇಳಿದು ಹೋಗಿದ್ರ, ಮತ್ತ ಪ್ರೆಶರ್ ಬರೋತನಕ ಚೈನ್ ಸಡ್ಲಾಗಿ ಗೈಡಿಗೆ, ಕವರಿಗೆ ಬಡೀತೈತಿ. ನಿಮಗ ಕೇಳಸೋದು ಅದ. ಆಯಿಲ್ ಕಡಿಮಿ ಇದ್ರ, ಗ್ರೇಡ್ ತಪ್ಪಿದ್ರ, ಆಯಿಲ್ ಹಿಂದಕ ಇಳೀದಂಗ ತಡಿಯೋ ವಾಲ್ವ್ ಇಲ್ಲದ ಅಗ್ಗದ ಫಿಲ್ಟರ್ ಹಾಕಿದ್ರ ಸುದ್ದಾ ಹಿಂಗ ಆಕ್ಕೈತಿ.

ಪಿ0016 ಅಂದ್ರ ಕ್ರ್ಯಾಂಕ್ ಸೆನ್ಸರಿಗೂ ಕ್ಯಾಮ್ ಸೆನ್ಸರಿಗೂ ತಾಳ ಕೂಡವಲ್ತು ಅಂತ. ಅದೊಂದನ್ನ ನೋಡಿ ಚೈನ್ ಹೋತು ಅನ್ನಬ್ಯಾಡ್ರಿ. ಕನೆಕ್ಟರಿನ್ಯಾಗ ಆಯಿಲ್ ಇಳಿದಿದ್ರ, ವೈರ್ ಸವದಿದ್ರ, ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಹತ್ತಿದ್ರನೂ ಇದ ಕೋಡ್ ಬರ್ತೈತಿ. ಎರಡೂ ಸೆನ್ಸರ್ ಬಿಚ್ಚಿ ಒರಸಿ, ಕೋಡ್ ಅಳಿಸಿ ನೋಡ್ರಿ. ಆದ್ರ ಮುಂಜಾನೆ ಸಪ್ಪಳಾನೂ ಐತಿ, ಕೋಡೂ ಐತಿ ಅಂದ್ರ ಚೈನಿನ ಮ್ಯಾಲ ಸಂಶಯ ಗಟ್ಟಿ.

ಒಂದು ಮುಂಜಾನೆ ಇಂಜಿನ್ ತಣ್ಣಗಿದ್ದಾಗ ಫ್ಯಾನ್ ಬೆಲ್ಟ್ ತಗದು ಹತ್ತು ಸೆಕೆಂಡ್ ಅಷ್ಟ ಓಡಸ್ರಿ. ಸಪ್ಪಳ ಹಂಗ ಇದ್ರ ಆಲ್ಟರ್ನೇಟರ್, ಐಡ್ಲರ್ ಬೇರಿಂಗಿಂದಲ್ಲ. ಆಮ್ಯಾಲ ಹಳೇ ಆಯಿಲ್ ಫಿಲ್ಟರ್ ಕೊಯ್ದು ಒಳಗಿನ ಹಾಳಿ ಮಡಿಕಿ ಬಿಡಿಸ್ರಿ. ಕತ್ತರಿಸಿದ ಉಗುರಿನಷ್ಟು ಪ್ಲಾಸ್ಟಿಕ್ ಚೂರು ಸಿಕ್ರ ಗೈಡ್ ಒಡ್ಯಾಕ ಹತ್ತೈತಿ. ಅಲ್ಲಿಗೆ ಲೋಡಿನ ಮಾತು ಮುಗೀತು, ಗಾಡಿ ನಿಲ್ಲಿಸಿಬಿಡ್ರಿ. ಚೈನ್ ಹಲ್ಲು ಜಿಗಿದ್ರ ವಾಲ್ವ್ ಪಿಸ್ಟನ್ನಿಗೆ ಬಡದು ಬಗ್ಗತಾವ, ಕಿಟ್ಟಿನ ಕೆಲಸ ಹೋಗಿ ಹೆಡ್ಡಿನ ಕೆಲಸ ಆಕ್ಕೈತಿ.

ಹಾವೇರಿ_ಇಂಜಿನ್_ಕೆಲಸ
ಟೆನ್ಷನರ್ ಒಂದನ್ನೇ ಹಾಕಿಸಬೇಡಿ. ಚೈನ್ 'ಉದ್ದ ಆಗಿದೆ' ಅಂತಾರಲ್ಲ, ಅದು ಕಬ್ಬಿಣ ಹಿಗ್ಗಿ ಆಗೋದಲ್ಲ. ಒಂದೊಂದು ಪಿನ್ನೂ ಬುಷ್ಷೂ ಸವೆದು ಆಗೋದು. ನೂರು ಕೊಂಡಿಯ ಚೈನಿನಲ್ಲಿ ಕೊಂಡಿಗೆ 0.03 ಮಿ.ಮೀ. ಸವೆದರೂ ಒಟ್ಟು 3 ಮಿ.ಮೀ. ಆಯಿತು. ಹೊಸ ಟೆನ್ಷನರ್ ಆ ಸಡಿಲನ್ನು ಎಳೆದು ಹಿಡಿಯುತ್ತದೆ, ಸಪ್ಪಳ ಕೆಲವು ದಿನ ನಿಲ್ಲುತ್ತದೆ. ಆದರೆ ಎಳೆಯುವ ಬದಿಯ ಚೈನ್ ಉದ್ದವಾಗೇ ಇರುತ್ತದೆ, ಕ್ಯಾಮ್ ಹಿಂದೆ ಬಿದ್ದದ್ದು ಬಿದ್ದಂತೆಯೇ. ಅದಕ್ಕೇ ಕೋಡ್ ಮತ್ತೆ ಬರುತ್ತದೆ.

ಬಿಚ್ಚಿದಾಗ ಹಳೇ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಳೇದನ್ನು ಅಡ್ಡ ಹಿಡಿದರೆ ಬಿಲ್ಲಿನ ಹಾಗೆ ಬಾಗುತ್ತದೆ.

ತರಿಸಬೇಕಾದದ್ದು: ಚೈನ್, ಟೆನ್ಷನರ್, ಎರಡೂ ಗೈಡ್, ಸ್ಪ್ರಾಕೆಟ್‌ಗಳು (ಚೈನ್ ಕೂರುವ ಹಲ್ಲಿನ ಚಕ್ರಗಳು), ಮುಂದಿನ ಕ್ರ್ಯಾಂಕ್ ಆಯಿಲ್ ಸೀಲ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಸೀಲೆಂಟ್, ಆಯಿಲ್, ಫಿಲ್ಟರ್. ಹಲ್ಲು ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಚೈನೂ ಬೇಗ ಹಾಳು.

ಗದಗ_ಪಿಕಪ್
ಫಿಲ್ಟರ್ ಕೊಯ್ದು ನೋಡಿದ್ರ ಕಂದು ಪ್ಲಾಸ್ಟಿಕ್ ಚೂರು ಎರಡು ಸಿಕ್ಕಾವ್ರಿ. ಪೂರಾ ಕಿಟ್ ಹಾಕಸ್ತೀನಿ. ಕೆಲಸ ಮಾಡುಮುಂದ ನಾ ನಿಂತು ಏನೇನ್ ನೋಡ್ಬೇಕು?

ಗೋಕುಲರೋಡ್_ಡೀಸೆಲ್
ಗ್ಯಾರೇಜಿಗೆ ಓಡಿಸ್ಕೊಂಡು ಹೋಗಬ್ಯಾಡ್ರಿ, ನ್ಯೂಟ್ರಲ್‌ನ್ಯಾಗ ಎಳೆಸ್ರಿ. ನೂಕಿ ಸ್ಟಾರ್ಟ್ ಮಾಡೋದಂತೂ ಬ್ಯಾಡ. ಇಳಿಜಾರಿನ್ಯಾಗ ಬರೇ ಗೇರ್ ಹಾಕಿ ನಿಲ್ಲಿಸಬ್ಯಾಡ್ರಿ: ಗಾಡಿ ಹಿಂದಕ ಜಗ್ಗಿ ಇಂಜಿನ್ ಉಲ್ಟಾ ತಿರುಗಿದ್ರ ಸಡ್ಲ ಎಲ್ಲಾ ತಪ್ಪು ಬದಿಗೆ ಬಂದು ಹಲ್ಲು ಜಿಗೀತೈತಿ.

ಪುಲ್ಲಿ ಬೋಲ್ಟ್ ಬಿಚ್ಚುಮುಂದ ಕ್ರ್ಯಾಂಕ್ ಲಾಕ್ ಪಿನ್ನಿನ ಮ್ಯಾಲ ಜೋರ ಬಿಡಬಾರ್ದು, ಅದು ಟೈಮಿಂಗ್ ಹಿಡಿಯೋ ಪಿನ್ನು, ಬಗ್ಗತೈತಿ. ಪುಲ್ಲಿ ಹಿಡ್ಯಾಕ ಬೇರೆ ಟೂಲ್ ಬೇಕು. 1ನೇ ಸಿಲಿಂಡರ್ ಟಿಡಿಸಿಗೆ (ಪಿಸ್ಟನ್ ಪೂರಾ ಮ್ಯಾಲ ಬರೋ ಜಾಗಾಕ) ತಂದು, ಚೈನಿನ ಬಣ್ಣದ ಕೊಂಡಿ ಸ್ಪ್ರಾಕೆಟ್ ಗುರ್ತಿಗೆ ಕೂಡಿಸಿ, ಆಮ್ಯಾಲ ಟೆನ್ಷನರ್ ಪಿನ್ (ಪ್ಲಂಜರ್ ಒಳಗ ಒತ್ತಿ ಹಿಡಿದಿರೋದು) ತಗೀಬೇಕು. ಆ ಪಿನ್ ಒಳಗ ಮರತು ಕವರ್ ಮುಚ್ಚಿಬಿಡ್ತಾರ, ಕಣ್ಣಾರೆ ನೋಡ್ರಿ.

ಕವರ್ ಹಾಕೋಕ್ಕಿಂತ ಮುಂಚೆ ಕ್ರ್ಯಾಂಕ್ ಕೈಲೆ ಎರಡು ಸುತ್ತು ತಿರುಗಸ್ಬೇಕು, ಇಂಜಿನ್ ತಿರುಗೋ ದಿಕ್ಕಿಗೇ. ಎರಡು ಸುತ್ತಿಗೆ ಕ್ಯಾಮ್ ಒಂದ ಸುತ್ತು. ನಡುವ ಗಟ್ಟಿ ಹಿಡೀತಂದ್ರ ಪಾನಾಕ ಪೈಪ್ ಹಾಕಿ ಜಗ್ಗಬಾರ್ದು, ವಾಲ್ವ್ ತಾಕೈತಿ ಅಂತ ತಿಳೀರಿ. ಎರಡು ಸುತ್ತಿನ ಮ್ಯಾಲ ಬಣ್ಣದ ಕೊಂಡಿ ಗುರ್ತಿಗೆ ಬರಂಗಿಲ್ಲ, ಅದಕ್ಕ ಹೆದರಬ್ಯಾಡ್ರಿ. ಲಾಕ್ ಪಿನ್ ಸಲೀಸಾಗಿ ಕುಂತ್ರ ಸರಿ ಐತಿ.

ಹಾವೇರಿ_ಇಂಜಿನ್_ಕೆಲಸ
ಪ್ಲಾಸ್ಟಿಕ್ ಸಿಕ್ಕಿದ ಮೇಲೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿಸದೆ ಬಿಡಬೇಡಿ. ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಕೂತು ಪ್ರೆಶರ್ ಇಳಿಸುತ್ತವೆ, ಹೊಸ ಟೆನ್ಷನರಿಗೂ ಅದೇ ಗತಿ. ಸೀಲೆಂಟ್ 3 ಮಿ.ಮೀ. ಎಳೆ ಸಾಕು. ಹೆಚ್ಚಾದದ್ದು ಒಳಗೆ ಕಿತ್ತು ಬಂದು ಅದೇ ಜಾಲರಿಗೆ ಸೇರುತ್ತದೆ.

ಮೊದಲ ಸ್ಟಾರ್ಟಿಗೆ ಮುಂಚೆ ಇಂಜಿನ್ ಹತ್ತದ ಹಾಗೆ ಇಂಜೆಕ್ಟರ್ ಕನೆಕ್ಟರ್ ತೆಗೆದು, ಐದೈದು ಸೆಕೆಂಡ್ ಸೆಲ್ಫ್ ಹೊಡೆದು ಆಯಿಲ್ ಮೇಲೇರಿಸಲಿ. ಮುಂದೆ ಆಯಿಲ್ ಬದಲಿಸುವಾಗ ಕಿಲೋಮೀಟರ್ ಒಂದನ್ನೇ ಲೆಕ್ಕ ಹಿಡಿಯಬೇಡಿ. ಮಾರ್ಕೆಟ್ಟಿನ ಸರದಿಯಲ್ಲಿ ಇಂಜಿನ್ ಚಾಲೂ ಇಟ್ಟು ನಿಂತ ಗಂಟೆಗಳು ಮೀಟರಿಗೆ ಬರೋದಿಲ್ಲ, ಮಸಿ ಮಾತ್ರ ಆಯಿಲಿಗೆ ಸೇರುತ್ತದೆ. ಪಿನ್ನು, ಬುಷ್ಷು ಸವೆಸುವುದು ಆ ಮಸಿಯೇ. ಮ್ಯಾನ್ಯುಯಲ್‌ನಲ್ಲಿ ಭಾರೀ ಬಳಕೆಗೆ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಗದಗ_ಪಿಕಪ್
ಪುಲ್ಲಿ ಬೋಲ್ಟ್ ಹಳೇದ ಹಾಕಬಹುದೇನ್ರಿ?

ಗೋಕುಲರೋಡ್_ಡೀಸೆಲ್
ಟಾರ್ಕ್ ಕೊಟ್ಟ ಮ್ಯಾಲ ಇಷ್ಟು ಡಿಗ್ರಿ ತಿರುಗಸ್ರಿ ಅಂತ ಮ್ಯಾನ್ಯುಯಲ್‌ನ್ಯಾಗ ಬರದಿದ್ರ ಹೊಸಾದ ಹಾಕ್ರಿ, ಅಂಥಾ ಬೋಲ್ಟ್ ಬಿಗಿ ಮಾಡಿದಾಗ ಜಗ್ಗಿರ್ತೈತಿ. ಕಿಟ್ಟಿನ ಡಬ್ಬಿಯೊಳಗ ಇರ್ತೈತಿ ಅಂತ ನಂಬಬ್ಯಾಡ್ರಿ, ಅಂಗಡ್ಯಾಗ ಬೇರೇನ ಕೇಳಿ ತರ್ರಿ.