ಪೆಡಲ್ ಇರಲಿ, ‘ತುಳಿ’ ಕಲಿಸೋಣ

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಪೆಡಲ್‌ಗೆ ಕನ್ನಡದಲ್ಲಿ ಏನು ಹೇಳಿಕೊಡೋದು ಅಂತ ಮೊನ್ನೆ ನಮ್ಮ ಈ ಗುಂಪಿನಲ್ಲಿ ಪ್ರಶ್ನೆ ಬಂತು. ಕಾಲ್ಸನ್ನೆ, ಪಾದಸನ್ನೆ, ಮೆಟ್ಟುಸನ್ನೆ ಅಂತ ಒಬ್ಬೊಬ್ಬರು ಒಂದೊಂದು ಸೂಚಿಸಿದಿರಿ (ಇಲ್ಲಿ ಸನ್ನೆ ಅಂದರೆ ಸನ್ನೆಗೋಲು, ಲಿವರ್). ನನ್ನ ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೆ ಬೇರೆಯಾಗಿ ಬರೆಯುತ್ತಿದ್ದೇನೆ.

ನಾವು ಇರುವುದು ಜರ್ಮನಿಯ ಮನ್‌ಹೈಮ್‌ನಲ್ಲಿ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ತನ್ನ ಎರಡು ಚಕ್ರದ ಮರದ ಗಾಡಿಯನ್ನು ಓಡಿಸಿ ತೋರಿಸಿದ ಊರು ಇದೇ. ಅದಕ್ಕೆ ಪೆಡಲ್ ಇರಲಿಲ್ಲ. ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. ಮುಂದಿನ ಚಕ್ರಕ್ಕೆ ಪೆಡಲ್ ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್‌ನಲ್ಲಿ. ಇಲ್ಲಿನ ಮಕ್ಕಳು ಈಗಲೂ ಅದೇ ದಾರಿಯಲ್ಲಿ ಬರುತ್ತಾರೆ. ಎರಡು ಮೂರು ವರ್ಷಕ್ಕೆ ಪೆಡಲ್ ಇಲ್ಲದ ಲೌಫ್‌ರಾಡ್, ಆಮೇಲೆ ಪೆಡಲ್ ಇರುವ ಸೈಕಲ್. ನಾಲ್ಕನೇ ಕ್ಲಾಸಿಗೆ ಬಂದಾಗ ಪೊಲೀಸರೇ ಬಂದು ಸೈಕಲ್ ಪರೀಕ್ಷೆ ಮಾಡುತ್ತಾರೆ.

ನನ್ನ ಮಗಳು ಪೆಡಲ್ ಇರುವ ಸೈಕಲ್ ಹತ್ತಿದ ದಿನ ಖುಷಿಯಿಂದ ಕೂಗಿದಳು: “ಅಪ್ಪಾ, ನಾನು ಪೆಡಲ್ ಮಾಡ್ತಾ ಇದ್ದೀನಿ!” ಆ ‘ಮಾಡ್ತಾ ಇದ್ದೀನಿ’ ನನ್ನನ್ನು ಬಹಳ ದಿನ ಕಾಡಿತು. ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ? ಜಂಪ್ ಮಾಡು, ಪುಶ್ ಮಾಡು, ಕ್ಲೈಂಬ್ ಮಾಡು. ಜಿಗಿ, ತಳ್ಳು, ಹತ್ತು ಎಲ್ಲಾ ಹೋಗಿ ಮಕ್ಕಳ ಬಾಯಲ್ಲಿ ‘ಮಾಡು’ ಒಂದೇ ಉಳಿಯುತ್ತಿದೆ. ಪೆಡಲ್ ಅನ್ನುವ ಹೆಸರು ಹೊರಗಿನಿಂದ ಬಂದರೆ ನನಗೆ ಬೇಸರ ಇಲ್ಲ. ‘ತುಳಿ’ ಹೋದರೆ ಬೇಸರ.

ಆ ಹೆಸರು ನಮಗೆ ಅಷ್ಟೇನೂ ದೂರದ್ದಲ್ಲ. ಲ್ಯಾಟಿನ್ನಿನಲ್ಲಿ ಕಾಲಿಗೆ ಪೆಸ್, ಪೆದಿಸ್. ಅದರಿಂದ ಇಟಾಲಿಯನ್ನಿನ ಪೆದಾಲೆ, ಅಲ್ಲಿಂದ ಫ್ರೆಂಚಿಗೆ, ಆಮೇಲೆ ಇಂಗ್ಲಿಷಿಗೆ. ಇಂಗ್ಲಿಷಿನಲ್ಲಿ ಮೊದಲು ಈ ಮಾತು ಸೈಕಲ್‌ಗೆ ಬಳಕೆಯಾದದ್ದಲ್ಲ. ಚರ್ಚಿನ ಆರ್ಗನ್‌ನಲ್ಲಿ ಕಾಲಲ್ಲಿ ಒತ್ತುವ ಪಟ್ಟಿಗೆ ಹಾಗೆ ಅನ್ನುತ್ತಿದ್ದರು. ಪಿಯಾನೋ, ಸೈಕಲ್, ಕಾರು ಎಲ್ಲಾ ಆಮೇಲಿನವು. ಲ್ಯಾಟಿನ್ನಿನ ಈ ಮಾತು, ಸಂಸ್ಕೃತದ ಪಾದ, ಇಂಗ್ಲಿಷಿನ ಫುಟ್, ಜರ್ಮನ್ನಿನ ಫೂಸ್ ಎಲ್ಲವೂ ಒಂದೇ ಬೇರಿನವು. ಇಂಗ್ಲಿಷ್, ಜರ್ಮನ್‌ಗಳಲ್ಲಿ ಹಳೆಯ ‘ಪ’ ‘ಫ’ ಆಯಿತು. ಹಳಗನ್ನಡದ ಪಾಲ್ ಹಾಲಾಗಿ, ಪುಲಿ ಹುಲಿಯಾದ ಹಾಗೆ ಅಂದರೆ ಮಕ್ಕಳಿಗೆ ಬೇಗ ಹಿಡಿಸುತ್ತದೆ. ನಾವು ಹಾಕಿಕೊಳ್ಳುವ ಪೈಜಾಮವೂ ಇದೇ ಕುಟುಂಬದ್ದು. ಪರ್ಷಿಯನ್ನಿನಲ್ಲಿ ‘ಪಾಯ್’ ಅಂದರೆ ಕಾಲು.

ಕಾಲು, ಅಡಿ, ಮೆಟ್ಟು, ತುಳಿ ಮಾತ್ರ ಈ ಕುಟುಂಬಕ್ಕೆ ಸೇರಿದವಲ್ಲ. ಅವು ನಮ್ಮವೇ, ದ್ರಾವಿಡ ಮಾತುಗಳು. ಮೆಟ್ಟು ಇರುವುದರಿಂದ ಮೆಟ್ಟಿಲು ಇದೆ, ಮಲೆನಾಡಿನ ಅಡಿಗೆಮನೆಯ ಮೆಟ್ಟುಗತ್ತಿ ಇದೆ. ಆ ಕತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಹೆಚ್ಚುತ್ತಾರೆ. ಇನ್ನು ಏತ. ಬಾವಿಯ ಮೇಲಿನ ಉದ್ದ ಮರದ ಮೇಲೆ ಆಳು ಆ ಕಡೆಗೂ ಈ ಕಡೆಗೂ ನಡೆದರೆ ನೀರು ಮೇಲೆ ಬರುತ್ತಿತ್ತು. ಕಾಲಲ್ಲಿ ನಡೆಸುವ ಸನ್ನೆ ಅಂದರೆ ಅದಕ್ಕಿಂತ ದೊಡ್ಡದು ಬೇಕಾ? ಆ ಮರ ಹೋದರೂ ಮಾತು ‘ಏತ ನೀರಾವರಿ’ಯಲ್ಲಿ ಉಳಿದಿದೆ. ನಮ್ಮೂರಿನ ಪ್ರೆಸ್‌ನಲ್ಲಿ ಕಾಲಲ್ಲಿ ತುಳಿದು ಮದುವೆ ಕಾಗದ ಅಚ್ಚು ಹಾಕುತ್ತಿದ್ದ ಟ್ರೆಡಲ್ ಮೆಷಿನ್ ನೆನಪಿದೆಯಾ? ಆ ಟ್ರೆಡಲ್ ಹುಟ್ಟಿದ್ದೂ ಇಂಗ್ಲಿಷಿನಲ್ಲಿ ‘ತುಳಿ’ ಅನ್ನುವ ಮಾತಿನಿಂದಲೇ.

ತುಳಿ ನನಗೆ ಎಲ್ಲಕ್ಕಿಂತ ಪ್ರೀತಿಯ ಮಾತು. ಮಣ್ಣು ತುಳಿಯುತ್ತೇವೆ, ಸೈಕಲ್ ತುಳಿಯುತ್ತೇವೆ. ಹಾದಿ ತಪ್ಪಿದವನು ಅಡ್ಡದಾರಿ ತುಳಿದ ಅನ್ನುತ್ತೇವೆ. ಮದುವೆಯಲ್ಲಿ ಸಪ್ತಪದಿ ತುಳಿಯುತ್ತೇವೆ. ಆ ‘ಪದಿ’ ಕೂಡ ಪೆಡಲ್‌ನ ಬೇರಿನದ್ದೇ. ಅಂದರೆ ‘ಪೆಡಲ್ ತುಳಿ’ ಅಂತ ಹೇಳುವಾಗ ನಾವು ‘ಸಪ್ತಪದಿ ತುಳಿ’ಯ ಜೋಡಿಯನ್ನೇ ಮತ್ತೆ ಕಟ್ಟಿದ್ದೇವೆ. ಜರ್ಮನ್ನರೂ ಪೆಡಲ್ ಜೊತೆ ‘ಟ್ರೇಟೆನ್’ ಅನ್ನುತ್ತಾರೆ, ಅದೂ ತುಳಿಯುವುದೇ. ಮಗಳಿಗೆ ಶಾಲೆಯ ಮಾತಿಗೂ ಮನೆಯ ಮಾತಿಗೂ ಹೊಂದಿಸಿ ತೋರಿಸಲು ಇದು ಬಹಳ ಸಹಾಯ ಮಾಡಿತು.

ಹಾಗಾಗಿ ಹೊಸ ಹೆಸರು ಕಟ್ಟುವ ಕೆಲಸಕ್ಕೆ ನನ್ನ ವಿರೋಧ ಇಲ್ಲ. ಕಾಲ್ಸನ್ನೆ ಚೆನ್ನಾಗೇ ಇದೆ. ಆದರೆ ಐದು ವರ್ಷದ ಮಗುವಿಗೆ ಮೊದಲು ಬೇಕಾದದ್ದು ಅದಲ್ಲ. ನಮ್ಮ ಮನೆಯಲ್ಲಿ ಈಗ ಸೈಕಲ್ ಪೆಡಲ್ ತುಳಿ, ಪಿಯಾನೋ ಪೆಡಲ್ ಒತ್ತು, ಕಸದ ಡಬ್ಬಿಯ ಪೆಡಲ್ ಮೆಟ್ಟು. ಮೂರಕ್ಕೂ ಹೆಸರು ಒಂದೇ, ಕಾಲಿನ ಕೆಲಸ ಬೇರೆ ಬೇರೆ. ಮೊನ್ನೆ ನೆಕ್ಕರ್ ನದಿ ದಂಡೆಯ ಏರಿನಲ್ಲಿ ಮಗಳ ತಮ್ಮನ ಸೈಕಲ್ ನಿಂತುಬಿಟ್ಟಿತು. ಮಗಳು ಹಿಂದಿನಿಂದ “ತುಳಿಯೋ, ಇನ್ನೂ ಜೋರಾಗಿ ತುಳಿ!” ಅಂತ ಕೂಗಿದಳು.