ಕಾನೂನು ಕೇಳಿ: ನಮ್ಮ ವಿಡಿಯೋ ಭಾರತದಲ್ಲಿ ಕಾಣುತ್ತಿಲ್ಲ, ಯಾವ ಇಲಾಖೆಗೆ ಅರ್ಜಿ ಹಾಕಬೇಕು?

ಪ್ರಶ್ನೆ (ಡೊಂಬಿವಲಿಯಿಂದ)

ವಕೀಲರೇ, ನಮಸ್ಕಾರ. ನಾವು ಮೂರು ಜನ ಸೇರಿ ಒಂದು ಸಣ್ಣ ಕನ್ನಡ ಚಾನೆಲ್ ನಡೆಸುತ್ತೇವೆ. ಹೆಚ್ಚಿನದು ಯಕ್ಷಗಾನ, ಶನಿಪೂಜೆ, ಸಂಘದ ಕಾರ್ಯಕ್ರಮ, ಅಷ್ಟೇ. ಕಳೆದ ತಿಂಗಳು ಪಕ್ಕದ ಹಳೇ ಬಿಲ್ಡಿಂಗಿನ ರೀಡೆವಲಪ್‌ಮೆಂಟ್ ಬಗ್ಗೆ ಒಂದು ವಿಡಿಯೋ ಹಾಕಿದೆವು. ಮನೆ ಖಾಲಿ ಮಾಡಿಸುವಾಗ ಕೊಡುತ್ತೇನೆ ಅಂದಿದ್ದ ಬಾಡಿಗೆ ಎಂಟು ತಿಂಗಳಿಂದ ಬಂದಿಲ್ಲ ಅಂತ ಅಲ್ಲಿನ ಅಜ್ಜಿಯೊಬ್ಬರು ಪಾಸ್‌ಬುಕ್ಕನ್ನೇ ಕ್ಯಾಮೆರಾಕ್ಕೆ ಹಿಡಿದು ತೋರಿಸಿದ್ದರು. ಮೊನ್ನೆಯಿಂದ ಆ ವಿಡಿಯೋ ಇಲ್ಲಿ ಓಪನ್ ಆಗುತ್ತಿಲ್ಲ. ಮಸ್ಕತ್‌ನಲ್ಲಿರುವ ನನ್ನ ಭಾವನಿಗೆ ಮಾತ್ರ ಸಲೀಸಾಗಿ ಕಾಣುತ್ತದೆ ಮಾರಾಯ್ರೆ. ಕೇಂದ್ರ ಸರ್ಕಾರ ಬ್ಲಾಕ್ ಮಾಡಿದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದಕ್ಕೆ ಯಾವ ಆಫೀಸು? ಮುಂಬೈಯ ಮಂತ್ರಾಲಯಕ್ಕೆ, ಅಂದರೆ ರಾಜ್ಯ ಸಚಿವಾಲಯಕ್ಕೆ, ಹೋಗಿ ಅರ್ಜಿ ಕೊಟ್ಟರೆ ಆಗುತ್ತದಾ? ಪೊಲೀಸರು ಮನೆಗೆ ಬರುತ್ತಾರಾ ಅಂತ ಹೆಂಡತಿಗೆ ಹೆದರಿಕೆ.

ಉತ್ತರ (ವಕೀಲರು, ಫೋರ್ಟ್)

ಮೊದಲು ನಿಮ್ಮ ಮನೆಯವರಿಗೆ ಹೇಳಿ, ವಿಡಿಯೋ ಬ್ಲಾಕ್ ಆಯಿತು ಅಂದ ಮಾತ್ರಕ್ಕೆ ಯಾರೂ ಬಾಗಿಲು ತಟ್ಟುವುದಿಲ್ಲ. ಅದು ಬೇರೆ, ಎಫ್‌ಐಆರ್ ಬೇರೆ.

ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ನಿಮ್ಮ ಭಾವನ ಮಾತು. ಮಸ್ಕತ್‌ನಲ್ಲಿ ಕಾಣುತ್ತದೆ, ಡೊಂಬಿವಲಿಯಲ್ಲಿ ಕಾಣುವುದಿಲ್ಲ ಅಂದರೆ ವಿಡಿಯೋ ಡಿಲೀಟ್ ಆಗಿಲ್ಲ. ತಾಣದ ಸ್ವಂತ ನಿಯಮ ಮುರಿದಿದ್ದರೆ ಸಾಮಾನ್ಯವಾಗಿ ಎಲ್ಲ ದೇಶಗಳಲ್ಲೂ ಒಟ್ಟಿಗೆ ತೆಗೆದುಬಿಡುತ್ತಾರೆ. ಒಂದೇ ದೇಶದಲ್ಲಿ ಮುಚ್ಚಿದ್ದಾರೆ ಅಂದರೆ ಈ ದೇಶದ ಯಾವುದೋ ಕಾಗದ ಅವರ ಕೈ ಸೇರಿದೆ. ಆ ಕಾಗದ ಕಳಿಸಿದವರು ಯಾರು ಅಂತ ತಿಳಿಯದೆ ಅರ್ಜಿ ಬರೆಯುವುದು ದಾದರಿನಲ್ಲಿ ಇಳಿದು, ಸಿಎಸ್‌ಎಂಟಿಗೆ ಹೋಗಬೇಕಾದವರು ವಿರುದ್ಧ ದಿಕ್ಕಿನ ವಿರಾರ್ ಗಾಡಿ ಹತ್ತಿದ ಹಾಗೆ.

ಕೇಂದ್ರ ಸರ್ಕಾರದ ದಾರಿ ಹೇಗಿದೆ ಅಂದರೆ, ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯಲ್ಲಿ ಬ್ಲಾಕ್ ಮಾಡುವ ಅಧಿಕಾರ ಕೊಡುವ 69ಎ ಕಲಂ, ಅದರ ಕೆಳಗೆ 2009ರಲ್ಲಿ ಬಂದ ನಿಯಮಗಳು. ಕೇಂದ್ರದ ಇಲಾಖೆಗಳಿಗೂ ರಾಜ್ಯ ಸರ್ಕಾರಗಳಿಗೂ ಒಬ್ಬೊಬ್ಬ ನೋಡಲ್ ಅಧಿಕಾರಿ ಇರುತ್ತಾರೆ. ಅವರ ಮೂಲಕ ಬ್ಲಾಕ್ ಮಾಡಿ ಎಂಬ ಕೋರಿಕೆ ದೆಹಲಿಯಲ್ಲಿ ಇದಕ್ಕಾಗಿಯೇ ನೇಮಿಸಿದ ಅಧಿಕಾರಿಗೆ ಹೋಗುತ್ತದೆ. ಅವರು ಜಂಟಿ ಕಾರ್ಯದರ್ಶಿಗಿಂತ ಕೆಳಗಿನವರು ಆಗಿರಬಾರದು. ಕಾನೂನು, ಗೃಹ, ವಾರ್ತಾ ಇಲಾಖೆಗಳಿಂದ ಒಬ್ಬೊಬ್ಬರು, ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌-ಇನ್‌ನಿಂದ ಒಬ್ಬರು ಸೇರಿ ಸಮಿತಿ. ಕೊನೆಯ ಸಹಿ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಇಲಾಖೆಯ ಕಾರ್ಯದರ್ಶಿಯದು. ವಿಡಿಯೋ ಹಾಕಿದವರಿಗೋ ತಾಣದವರಿಗೋ ಕನಿಷ್ಠ 48 ಗಂಟೆಗಳ ನೋಟಿಸ್ ಕೊಟ್ಟು ಕೇಳಬೇಕು. ತುರ್ತು ಅಂದರೆ ಮೊದಲು ಬ್ಲಾಕ್ ಮಾಡಿ, ಆಮೇಲೆ 48 ಗಂಟೆಯೊಳಗೆ ಸಮಿತಿ ಮುಂದೆ ಇಡಬಹುದು. ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು 2020ರ ಜೂನ್ 29ರಂದು ಒಂದೇ ಏಟಿಗೆ ಹೋದದ್ದು ಈ 69ಎ ಅಡಿಯಲ್ಲೇ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅನುಮಾನ. 69ಎ ಬಳಸಲು ಕಾರಣಗಳ ಪಟ್ಟಿ ಕಾಯ್ದೆಯಲ್ಲೇ ಇದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಕ್ಷಣೆ, ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಶಾಂತಿ, ಇವುಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ. ಬಿಲ್ಡರ್‌ನ ಮಾನ ಈ ಪಟ್ಟಿಯಲ್ಲಿಲ್ಲ. ಅಜ್ಜಿಯ ಪಾಸ್‌ಬುಕ್ಕಿನಿಂದ ದೇಶದ ಭದ್ರತೆಗೆ ಏನೂ ಆಗುವುದಿಲ್ಲ ಅಲ್ವಾ?

ಮಂತ್ರಾಲಯಕ್ಕೆ ಹೋಗಿ ಬರುವ ರೈಲು ಖರ್ಚು ಉಳಿಸಿ. ರಾಜ್ಯ ಸರ್ಕಾರ 69ಎ ಅಡಿ ತಾನೇ ಬ್ಲಾಕ್ ಮಾಡುವಂತಿಲ್ಲ, ಮುಖ್ಯ ಕಾರ್ಯದರ್ಶಿಯ ಒಪ್ಪಿಗೆ ಪಡೆದು ದೆಹಲಿಗೆ ಕೋರಿಕೆ ಕಳಿಸಬಹುದು ಅಷ್ಟೇ. ಹಾಗಂತ ರಾಜ್ಯದವರ ಕೈ ಪೂರ್ತಿ ಕಟ್ಟಿಲ್ಲ. ಅದೇ ಕಾಯ್ದೆಯ 79(3)(ಬಿ) ಅಂತ ಒಂದು ಹಿಂಬಾಗಿಲು ಇದೆ (ಹಿಂಬಾಗಿಲು ಎಂಬುದು ನನ್ನ ಮಾತು, ಸರ್ಕಾರದವರು ಒಪ್ಪುವುದಿಲ್ಲ). ಇದು ಕಾನೂನಿಗೆ ವಿರುದ್ಧವಾಗಿದೆ, ತೆಗೆಯಿರಿ ಅಂತ ತಾಣಕ್ಕೆ ನೋಟಿಸ್ ಹೋಗುತ್ತದೆ, ತೆಗೆಯದಿದ್ದರೆ ಜನ ಹಾಕಿದ್ದಕ್ಕೆ ತಾಣವೇ ಜವಾಬ್ದಾರಿ ಆಗಬೇಕಾದೀತು. ಅಷ್ಟು ರಿಸ್ಕ್ ಯಾರು ತಗೊಳ್ಳುತ್ತಾರೆ, ನಿಮ್ಮ ವಿಡಿಯೋಗಾಗಿ? ಈ ನೋಟಿಸ್ ಕಳಿಸಲೆಂದೇ ‘ಸಹಯೋಗ್’ ಎಂಬ ಪೋರ್ಟಲ್ ಇದೆ. ಅದರ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ನಮ್ಮ ಬೆಂಗಳೂರಿನ ಹೈಕೋರ್ಟಿಗೆ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಸೋತಿತು.

ಮೂರನೆಯದು ಕೋರ್ಟಿನ ಆದೇಶ. ಜನ ಇದನ್ನು ಮರೆತೇಬಿಡುತ್ತಾರೆ.

ಹಾಗಾಗಿ ಈಗ ಮಾಡಬೇಕಾದ್ದು ಇಷ್ಟು. ವಿಡಿಯೋ ಜಾಗದಲ್ಲಿ ಬರುವ ಬರಹವನ್ನು ನಿಧಾನವಾಗಿ ಓದಿ, ಸ್ಕ್ರೀನ್‌ಶಾಟ್ ತೆಗೆದು ಇಲ್ಲಿ ಹಾಕಿ. ಸರ್ಕಾರದ ಆದೇಶ ಅಂತ ಇದೆಯಾ, ಕಾನೂನು ದೂರು ಅಂತ ಇದೆಯಾ, ಕಾಪಿರೈಟ್ ಅಂತ ಇದೆಯಾ? ಆ ಪದಗಳ ಮೇಲೆ ನಿಮ್ಮ ಮುಂದಿನ ಆರು ತಿಂಗಳು ನಿಂತಿದೆ. ಚಾನೆಲ್‌ನ ಮೇಲ್ ಬಾಕ್ಸ್ ಕೂಡ ನೋಡಿ, ಸ್ಪ್ಯಾಮ್ ಸಮೇತ.

ಪುಣೆಯಿಂದ ಒಬ್ಬರು

ಮೇಡಂ, ನಾನು ಕಾರಿನ ಬಿಡಿಭಾಗದ ಕಂಪನಿಯಲ್ಲಿದ್ದೇನೆ, ಆಗಾಗ ಶಾಂಘೈಗೆ ಹೋಗಿಬರುತ್ತೇನೆ. ಅಲ್ಲಿ ಎಲ್ಲದಕ್ಕೂ ಒಂದೇ ಇಲಾಖೆ ಅಂತಾರೆ. ನಮ್ಮಲ್ಲೂ ಹಾಗೇನಾ?

ಉತ್ತರ

ಅಲ್ಲೂ ಪೂರ್ತಿ ಒಂದೇ ಅಲ್ಲ ರೀ, ಆದರೆ ಯಜಮಾನ ಯಾರು ಅಂತ ಎಲ್ಲರಿಗೂ ಗೊತ್ತು. ಸೈಬರ್‌ಸ್ಪೇಸ್ ಅಡ್ಮಿನಿಸ್ಟ್ರೇಷನ್ ಆಫ್ ಚೀನಾ, ಈಗಿನ ರೂಪಕ್ಕೆ ಬಂದದ್ದು 2014ರಲ್ಲಿ. ಇಂಟರ್ನೆಟ್ಟಿನಲ್ಲಿ ಏನಿರಬೇಕು ಏನಿರಬಾರದು ಎಂಬುದೂ ಅವರದೇ, ಡೇಟಾ ಸುರಕ್ಷತೆಯೂ ಅವರದೇ. 2022ರ ಜುಲೈನಲ್ಲಿ ಟ್ಯಾಕ್ಸಿ ಕಂಪನಿ ದೀದಿಗೆ 800 ಕೋಟಿ ಯುವಾನ್‌ಗೂ ಮಿಕ್ಕಿ ದಂಡ ಹಾಕಿದ್ದು ಅವರೇ. ಒಂದು ತಮಾಷೆ ಕೇಳಿ, 2014ರಲ್ಲಿ ಅದರ ಮುಖ್ಯಸ್ಥರಾಗಿದ್ದ ಲು ವೇ, ಇಡೀ ದೇಶ ಏನು ನೋಡಬೇಕು ಅಂತ ತೀರ್ಮಾನಿಸುತ್ತಿದ್ದ ಮನುಷ್ಯ, 2019ರಲ್ಲಿ ಲಂಚದ ಕೇಸಿನಲ್ಲಿ 14 ವರ್ಷ ಜೈಲಿಗೆ ಹೋದರು.

ನಮ್ಮಲ್ಲಿ ಅಧಿಕಾರ ಹಂಚಿಹೋಗಿದೆ. ಒಬ್ಬರ ಕೈಯಲ್ಲೇ ಎಲ್ಲ ಇಲ್ಲ ಎಂಬುದು ಒಳ್ಳೆಯದೇ. ಆದರೆ ಬ್ಲಾಕ್ ಆದವರು ಬಾಗಿಲು ಹುಡುಕಿ ಸುಸ್ತಾಗುತ್ತಾರೆ. ಅದಕ್ಕಿಂತ ನನಗೆ ಸಿಟ್ಟು ಬರುವುದು 2009ರ ನಿಯಮಗಳಲ್ಲಿ 16ನೆಯದರ ಬಗ್ಗೆ. ಯಾರು ದೂರು ಕೊಟ್ಟರು, ಏನು ಕ್ರಮ ಆಯಿತು, ಎಲ್ಲ ಗುಟ್ಟಾಗಿರಬೇಕು ಅಂತ ಅದು ಹೇಳುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಇದನ್ನೇ ತೋರಿಸುತ್ತಾರೆ. ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸಿದವರಿಗೆ ಶಿಕ್ಷೆ ಕೊಡುವ 66ಎ ಕಲಂ ಕಿತ್ತುಹಾಕಿತು, 69ಎ ಉಳಿಸಿತು. ಯಾಕೆ ಉಳಿಸಿತು? ಕಾರಣ ಬರೆದಿಡಬೇಕು, ಹಾಕಿದವರು ಯಾರು ಅಂತ ಗೊತ್ತಿದ್ದರೆ ಅವರನ್ನೂ ಕೇಳಬೇಕು, ಆದೇಶ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು, ಇಷ್ಟು ರಕ್ಷಣೆ ಇದೆಯಲ್ಲ ಅಂತ. ಆದೇಶದ ಪ್ರತಿಯೇ ಕೈಗೆ ಸಿಗದಿದ್ದರೆ ಯಾವುದರ ವಿರುದ್ಧ ಹೋಗುವುದು ಹೇಳಿ? ವರದಕ್ಷಿಣೆಯನ್ನು ಗೇಲಿ ಮಾಡುವ ‘ಡೌರಿ ಕ್ಯಾಲ್ಕುಲೇಟರ್’ ಅಂತ ಒಂದು ತಾಣ ಇತ್ತು. ಅದನ್ನು 2018ರಲ್ಲಿ ಬ್ಲಾಕ್ ಮಾಡಿದರು. ಆದೇಶದ ಪ್ರತಿ ಕೊಡಿ, ಅವರ ಮಾತು ಕೇಳಿ ಅಂತ ದೆಹಲಿ ಹೈಕೋರ್ಟ್ ಹೇಳುವಾಗ 2022 ಬಂದಿತ್ತು.

ಮಡಗಾಂವ್‌ನಿಂದ

ನನ್ನದು ಸಣ್ಣ ಸುದ್ದಿ ತಾಣ. ಸರ್ಕಾರದ ಬಗ್ಗೆ ಬರೆದದ್ದು ಸುಳ್ಳು ಅಂತ ಸರ್ಕಾರದ ಘಟಕವೇ ಸೀಲು ಹೊಡೆದರೆ ಮುಗಿಯಿತು ಅಂತ ಒಬ್ಬರು ಹೆದರಿಸಿದರು. ನಿಜವಾ?

ಉತ್ತರ

ಆ ಫ್ಯಾಕ್ಟ್ ಚೆಕ್ ಘಟಕದ ನಿಯಮ 2023ರಲ್ಲಿ ಬಂತು. ಬಾಂಬೆ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು 2024ರ ಜನವರಿಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ನಿಂತರು, ಮೂರನೆಯವರು ಅದು ಸಂವಿಧಾನಕ್ಕೆ ವಿರುದ್ಧ ಅಂದರು, ಸೆಪ್ಟೆಂಬರ್‌ನಲ್ಲಿ ನಿಯಮ ಬಿದ್ದುಹೋಯಿತು. ಗೋವಾಕ್ಕೂ ಅದೇ ಹೈಕೋರ್ಟ್, ಪರ್ವರಿಯಲ್ಲಿ ಪೀಠ ಇದೆಯಲ್ಲ. ಹೆದರಿಸಿದವರಿಗೆ ಈ ತೀರ್ಪನ್ನು ಫಾರ್ವರ್ಡ್ ಮಾಡಿ.

ಮುಲುಂಡ್‌ನಿಂದ

ಸೆನ್ಸಾರ್ ಬೋರ್ಡ್ ಆಫೀಸ್ ಇಲ್ಲೇ ಮುಂಬೈಯಲ್ಲೇ ಇದೆಯಲ್ಲ, ಡೊಂಬಿವಲಿಯವರು ಅಲ್ಲಿಗೆ ಹೋದರೆ?

ಉತ್ತರ

ಸುಮ್ನೆ ಹೋಗಿ ಬಂದ ಹಾಗೆ ಆಗುತ್ತದೆ. ಅವರದು ಥಿಯೇಟರ್ ಸಿನಿಮಾಗಳ ಸರ್ಟಿಫಿಕೇಟ್ ಕೆಲಸ.

ಡೊಂಬಿವಲಿಯಿಂದ, ಮತ್ತೆ

ಮೇಡಂ, ತಪ್ಪು ನಮ್ಮದೇ. ಸ್ಕ್ರೀನಿನಲ್ಲಿ ‘ಕಾನೂನು ದೂರಿನ ಕಾರಣ ಈ ದೇಶದಲ್ಲಿ ಲಭ್ಯವಿಲ್ಲ’ ಅಂತ ಇದೆ, ಸರ್ಕಾರ ಎಂಬ ಪದವೇ ಇಲ್ಲ. ಚಾನೆಲ್ ಶುರು ಮಾಡುವಾಗ ಗೆಳೆಯನ ಮೇಲ್ ಐಡಿ ಕೊಟ್ಟಿದ್ದೆವು, ಅವನು ಹೋಟೆಲ್ ಬಿಟ್ಟು ಕುಂದಾಪುರಕ್ಕೆ ಹೋಗಿ ಎರಡು ವರ್ಷ ಆಯಿತು. ಫೋನ್ ಮಾಡಿ ತೆಗೆಸಿದೆ. ಹನ್ನೆರಡು ದಿನಗಳ ಹಿಂದೆಯೇ ಮೇಲ್ ಬಂದಿದೆ! ಜೊತೆಗೆ ಒಂದು ಪಿಡಿಎಫ್, ಸಿವಿಲ್ ಕೋರ್ಟಿನ ಮಧ್ಯಂತರ ಆದೇಶ, ಬಿಲ್ಡರ್ ಹಾಕಿದ ಮಾನಹಾನಿ ದಾವೆ. ಎದುರುದಾರರ ಜಾಗದಲ್ಲಿ ನಮ್ಮ ಹೆಸರಿಲ್ಲ, ‘ಅಪರಿಚಿತ ವ್ಯಕ್ತಿಗಳು’ ಅಂತ ಇದೆ. ನಮ್ಮ ವಿಡಿಯೋ ಲಿಂಕ್ ಪಟ್ಟಿಯಲ್ಲಿ ಏಳನೆಯದು.

ಉತ್ತರ

ಅಂದುಕೊಂಡೆ. ಹಾಗಾದರೆ ದೆಹಲಿಯನ್ನು ಮರೆತುಬಿಡಿ, ನಿಮ್ಮ ಬಾಗಿಲು ಆ ಸಿವಿಲ್ ಕೋರ್ಟೇ. ನಿಮ್ಮ ಮಾತು ಕೇಳದೆ ಕೊಟ್ಟ ಆದೇಶ ಅದು. ದಾವೆಯಲ್ಲಿ ನಮ್ಮನ್ನೂ ಸೇರಿಸಿ ಅಂತ ಒಂದು ಅರ್ಜಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 4ರ ಅಡಿ ತಡೆಯನ್ನು ತೆರವು ಮಾಡಿ ಅಂತ ಇನ್ನೊಂದು. ಮಾನಹಾನಿ ಕೇಸಿನಲ್ಲಿ ನಿಮ್ಮ ದೊಡ್ಡ ಬಲ ಸತ್ಯ, ಅಂದರೆ ಅಜ್ಜಿಯ ಪಾಸ್‌ಬುಕ್. ಆ ಪುಟಗಳ ಜೆರಾಕ್ಸ್ ಇವತ್ತೇ ಮಾಡಿಸಿ, ಬಿಲ್ಡರ್ ಜೊತೆಗಿನ ಒಪ್ಪಂದದ ಪ್ರತಿಯೂ ಇರಲಿ. ಎಡಿಟ್ ಮಾಡದ ಮೂಲ ವಿಡಿಯೋ ಫೈಲ್ ಯಾರ ಫೋನಿನಲ್ಲಿದೆಯೋ ಅವರು ಫೋನ್ ಫಾರ್ಮ್ಯಾಟ್ ಮಾಡುವುದು ಬೇಡ. ಅದೇ ವಿಡಿಯೋವನ್ನು ಬೇರೆ ಹೆಸರಲ್ಲಿ ಮತ್ತೆ ಹಾಕುವ ಯೋಚನೆ ಇದ್ದರೆ ಬಿಡಿ, ಕೋರ್ಟ್ ಆದೇಶ ಗೊತ್ತಿದ್ದೂ ಹಾಗೆ ಮಾಡಿದರೆ ಅಪರಿಚಿತ ವ್ಯಕ್ತಿಯಾಗಿದ್ದವರು ನ್ಯಾಯಾಂಗ ನಿಂದನೆಯಲ್ಲಿ ಪರಿಚಿತರಾಗುತ್ತೀರಿ.

ಆದೇಶದ ಕೊನೆಯ ಪುಟದಲ್ಲಿ ಮುಂದಿನ ತಾರೀಕು ಇರುತ್ತದೆ, ಮೊದಲು ಅದನ್ನು ನೋಡಿ ಬರೆಯಿರಿ.

ಡೊಂಬಿವಲಿಯಿಂದ

ಬರುವ ಗುರುವಾರ, ಮೇಡಂ.

ಉತ್ತರ

ಸೋಮವಾರ ನಾಲ್ಕು ಗಂಟೆಗೆ ಆಫೀಸಿಗೆ ಬನ್ನಿ. ಅಜ್ಜಿಯನ್ನು ಲೋಕಲ್‌ನಲ್ಲಿ ಹತ್ತಿಸಬೇಡಿ, ಪಾಸ್‌ಬುಕ್ ತಂದರೆ ಸಾಕು.